ನಾಲ್ವರು ಗೆಳೆಯರು



ಜೂನ್ 26ನ್ನು ಮಾದಕ ವಸ್ತುಗಳ ದುರ್ಬಳಕೆ ಮತ್ತು ಅಕ್ರಮ ಸಾಗಣೆಯ ವಿರುದ್ಧದ ಅಂತರರಾಷ್ಟ್ರೀಯ ದಿನವೆಂದು ವಿಶ್ವಸಂಸ್ಥೆ 1987ರಲ್ಲಿ ಸಾರಿತು. ಪ್ರತಿವರ್ಷ ಆ ದಿನ ನಮ್ಮ ಕಾಲೇಜುಗಳಲ್ಲಿ ಜಾಥಾ ನಡೆಯುತ್ತದೆ, ಭಾಷಣ ಸ್ಪರ್ಧೆ ಏರ್ಪಡುತ್ತದೆ, ವಿದ್ಯಾರ್ಥಿಗಳೆಲ್ಲ ಬಲಗೈ ಚಾಚಿ ಪ್ರತಿಜ್ಞೆ ಸ್ವೀಕರಿಸುತ್ತಾರೆ. ಒಳ್ಳೆಯದೇ. ಆದರೆ 26 ಕಳೆದ ಮೇಲೆ 27 ಬರುತ್ತದೆ. ಅಂದು ರಾತ್ರಿ ಹಾಸ್ಟೆಲಿನ ಕೋಣೆಯೊಂದರಲ್ಲಿ, ಊರು ಬಿಟ್ಟು ಬಂದು ತಿಂಗಳೂ ತುಂಬದ ಹುಡುಗನೊಬ್ಬನ ಮುಂದೆ, "ಒಂದೇ ಒಂದು ಸಲ ಎಳೆದು ನೋಡೋ" ಎಂದು ಕೈಯೊಂದು ಚಾಚುತ್ತದೆ. ಆ ಗಳಿಗೆಯಲ್ಲಿ ಅವನ ಪಕ್ಕದಲ್ಲಿ ಯಾರಿರುತ್ತಾರೆ? ಈ ವಾರ ನಾವು ಧ್ಯಾನಿಸಬೇಕಾದ ಪ್ರಶ್ನೆ ಇದೊಂದೇ.

ಕಾನೂನುಗಳಿಗೆ ಕೊರತೆಯಿಲ್ಲ. ಮಾದಕ ದ್ರವ್ಯಗಳ ವಿರುದ್ಧ 1985ರಲ್ಲೇ ಕಠಿಣ ಕಾಯಿದೆ ಬಂದಿದೆ. ವಿದ್ಯಾಸಂಸ್ಥೆಯ ಸುತ್ತ 100 ಗಜದೊಳಗೆ ಬೀಡಿ ಸಿಗರೇಟು ಮಾರಬಾರದೆಂದು 2003ರ ಕಾಯಿದೆ ಹೇಳುತ್ತದೆ. ಆದರೂ 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ಗಾಂಜಾ ಪ್ರಕರಣವೊಂದರಲ್ಲಿ ವೈದ್ಯರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳು ಬಂಧಿತರಾದಾಗ ನಾಡೇ ಬೆಚ್ಚಿತು. ಅವರವರ ಮೇಲಿನ ಆರೋಪದ ತೀರ್ಮಾನ ನ್ಯಾಯಾಲಯದ್ದು. ಆದರೆ ಒಂದಂತೂ ಸ್ಪಷ್ಟವಾಯಿತು: ಈ ಪಿಡುಗಿಗೆ ಓದು ಬೇಲಿಯಲ್ಲ, ಬುದ್ಧಿವಂತಿಕೆ ಬೇಲಿಯಲ್ಲ. ಗೇಟಿನ ಕಾವಲುಗಾರ ಚೀಲವನ್ನು ತಡಕಬಲ್ಲ, ಒಂಟಿತನವನ್ನು ತಡಕಲಾರ.

ಬೀಳಿಸುವ ಗೆಳೆತನ

ಸಹವಾಸದಿಂದ ಸನ್ಯಾಸಿ ಕೆಟ್ಟ ಎನ್ನುತ್ತಾರೆ ನಮ್ಮ ಹಿರಿಯರು. ಸಂತ ಅಗಸ್ಟೀನರು ಇದನ್ನು ತಮ್ಮ ಜೀವನದಿಂದಲೇ ಅರಿತವರು. ಹದಿನಾರನೆಯ ವಯಸ್ಸಿನಲ್ಲಿ ಅವರು ಗೆಳೆಯರೊಡನೆ ಇರುಳು ಹೊತ್ತು ಪಕ್ಕದ ತೋಟಕ್ಕೆ ನುಗ್ಗಿ ಮರಸೇಬು ಹಣ್ಣುಗಳನ್ನು ಕದ್ದರು. ಹಸಿವೆಯಿಂದಲ್ಲ, ಹಣ್ಣು ರುಚಿಯಾಗಿಯೂ ಇರಲಿಲ್ಲ. ಹೆಚ್ಚಿನವನ್ನು ಹಂದಿಗಳಿಗೆ ಎಸೆದರು. ಮುಂದೆ ಧರ್ಮಾಧ್ಯಕ್ಷರಾಗಿದ್ದಾಗ ಬರೆದ 'ಕನ್ಫೆಷನ್ಸ್' ಗ್ರಂಥದಲ್ಲಿ ಅವರು ಈ ಸಣ್ಣ ಕಳ್ಳತನವನ್ನು ಬಹಳ ಹೊತ್ತು ವಿಚಾರಿಸಿ ನೋಡುತ್ತಾರೆ. ಒಬ್ಬನೇ ಇದ್ದಿದ್ದರೆ ತಾವು ಆ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಗೆಳೆಯರೆಲ್ಲ "ಬಾ, ಹೋಗೋಣ" ಎಂದಾಗ ನಾಚಿಕೆಗೇಡಿಯಲ್ಲದಿರುವುದೇ ನಾಚಿಕೆಯಾಗಿ ಕಾಣುತ್ತದೆ.

ಮೊದಲ ಗ್ಲಾಸು ಬಿಯರ್, ಮೊದಲ ಗಾಂಜಾ ಸೇದಿಕೆ, ಮೊದಲ ಮಾತ್ರೆ ಬರುವ ದಾರಿಯೂ ಹೆಚ್ಚಾಗಿ ಇದೇ. ಅದನ್ನು ಕೊಡುವವನು ಗುರುತಿಲ್ಲದ ದುಷ್ಟನಲ್ಲ. ಪಕ್ಕದ ಬೆಂಚಿನವನು, ಕೋಣೆಯ ಜೊತೆಗಾರ. ಬೇಡವೆಂದರೆ ಗುಂಪಿನಿಂದ ಹೊರಗೆ ಬೀಳುವೆನೆಂಬ ಭಯ. ಅಗಸ್ಟೀನರು ಮತ್ತೊಂದು ಮಾತನ್ನೂ ಕಂಡುಕೊಂಡರು: ಆಸೆಗೆ ಒಲಿದರೆ ಚಟವಾಗುತ್ತದೆ, ಚಟವನ್ನು ತಡೆಯದಿದ್ದರೆ ಅದು ಸಂಕೋಲೆಯಾಗುತ್ತದೆ. ಸ್ವಾತಂತ್ರ್ಯವೆಂದು ಆರಂಭವಾದದ್ದು ದಾಸ್ಯದಲ್ಲಿ ಮುಗಿಯುತ್ತದೆ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಮಾದಕ ವಸ್ತುಗಳ ಸೇವನೆಯನ್ನು ಐದನೆಯ ಕಟ್ಟಳೆಯ ಅಡಿಯಲ್ಲಿ, ಅಂದರೆ ಕೊಲೆಯನ್ನು ನಿಷೇಧಿಸುವ ಕಟ್ಟಳೆಯ ಅಡಿಯಲ್ಲಿ ವಿಚಾರಿಸಿದ್ದು ಸುಮ್ಮನೆ ಅಲ್ಲ. ಚಿಕಿತ್ಸೆಯ ಕಾರಣಕ್ಕಲ್ಲದೆ ಅವನ್ನು ಬಳಸುವುದು ಗಂಭೀರ ಅಪರಾಧವೆಂದು ಅದು ಬೋಧಿಸುತ್ತದೆ.

ನಿಲ್ಲಿಸುವ ಗೆಳೆತನ

ಈಗ ಪವಿತ್ರ ಬೈಬಲಿನಿಂದ ಒಂದು ಹಾಸ್ಟೆಲನ್ನು ತೋರಿಸುತ್ತೇನೆ. ದಾನಿಯೇಲನ ಗ್ರಂಥದ ಮೊದಲ ಅಧ್ಯಾಯವನ್ನು ಇಂದು ರಾತ್ರಿ ಜಪಸರದ ಬಳಿಕ ಮನೆಯಲ್ಲಿ ಓದಿರಿ. ಬಾಬಿಲೋನಿಯದ ಅರಸ ಯೆಹೂದ್ಯ ತರುಣರನ್ನು ಆರಿಸಿ ಅರಮನೆಗೆ ತರಿಸಿದ. ಹೊಸ ಊರು, ಹೊಸ ಭಾಷೆ. ಹೆಸರುಗಳನ್ನು ಸಹ ಬದಲಿಸಲಾಯಿತು. ಶಿಕ್ಷಣದ ಅವಧಿ ಮೂರು ವರ್ಷ, ನಮ್ಮ ಪದವಿ ತರಗತಿಗಳಂತೆಯೇ. ದಿನವೂ ಅರಸನ ಪಂಕ್ತಿಯ ಊಟ, ಅರಸ ಕುಡಿಯುವ ದ್ರಾಕ್ಷಾರಸ, ಎಲ್ಲವೂ ಪುಕ್ಕಟೆ. ಎಲ್ಲರೂ ಸೇವಿಸುತ್ತಿರುವಾಗ ದಾನಿಯೇಲ ಬೇಡವೆಂದು ಮನಸ್ಸಿನಲ್ಲಿ ನಿಶ್ಚಯಿಸಿದ.

ಅವನು ಜಗಳವಾಡಲಿಲ್ಲ, ಇತರರನ್ನು ಹಳಿಯಲಿಲ್ಲ. ವಿನಯದಿಂದ, "ಹತ್ತು ದಿನ ನಮಗೆ ಕಾಯಿಪಲ್ಲೆ, ನೀರು ಕೊಟ್ಟು ಪರೀಕ್ಷಿಸಿ ನೋಡಿ" ಎಂಬರ್ಥದಲ್ಲಿ ಕೇಳಿಕೊಂಡ. ಗಮನಿಸಿ: 'ನನಗೆ' ಅಲ್ಲ, 'ನಮಗೆ'. ಹನನ್ಯ, ಮಿಶಾಯೇಲ, ಅಜರ್ಯ ಅವನ ಜೊತೆಗಿದ್ದರು. ನಾಲ್ವರು ಒಂದೇ ಮೇಜಿನಲ್ಲಿ ನೀರು ಕುಡಿದರು. ಹತ್ತು ದಿನ ಕಳೆದಾಗ ಅವರೇ ಇತರರಿಗಿಂತ ಆರೋಗ್ಯವಂತರಾಗಿ ಕಂಡರು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಕಾಲೇಜನ್ನೆಲ್ಲ ಒಂದೇ ದಿನದಲ್ಲಿ ಶುದ್ಧಗೊಳಿಸಲು ನಿಮ್ಮನ್ನು ಯಾರೂ ಕೇಳುತ್ತಿಲ್ಲ. ನಾಲ್ವರಾಗಿರಿ, ಸಾಕು. ಹೊಸದಾಗಿ ಬಂದವನನ್ನು ಭಾನುವಾರದ ಸಂಜೆ ಒಬ್ಬನೇ ಕೂರಲು ಬಿಡಬೇಡಿ. ಆಟಕ್ಕೆ ಕರೆಯಿರಿ, ಊಟಕ್ಕೆ ಕರೆಯಿರಿ, ಬಲಿಪೂಜೆಗೆ ಕರೆದುಕೊಂಡು ಹೋಗಿರಿ. ಒಬ್ಬನೇ 'ಬೇಡ' ಎಂದರೆ ನಗುತ್ತಾರೆ. ನಾಲ್ವರು 'ಬೇಡ' ಎಂದರೆ ಐದನೆಯವನಿಗೂ ಧೈರ್ಯ ಬರುತ್ತದೆ.

ಹೊತ್ತೊಯ್ಯುವ ಗೆಳೆತನ

ಶುಭಸಂದೇಶದಲ್ಲಿ ಬೇರೆ ನಾಲ್ವರಿದ್ದಾರೆ (ಮಾರ್ಕ 2:1-12). ನಡೆಯಲಾಗದ ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತಂದವರು. ಬಾಗಿಲಲ್ಲಿ ಜನಸಂದಣಿ ಕಂಡು ಅವರು ಹಿಂದಿರುಗಲಿಲ್ಲ. ಮಾಳಿಗೆ ಹತ್ತಿ ಚಾವಣಿ ತೆಗೆದು ಯೇಸುಸ್ವಾಮಿಯ ಮುಂದೆ ಅವನನ್ನು ಇಳಿಸಿದರು. ಸ್ವಾಮಿ ನೋಡಿದ್ದು ಆ ಹೊತ್ತು ತಂದವರ ವಿಶ್ವಾಸವನ್ನು.

ಚಟಕ್ಕೆ ಸಿಕ್ಕಿಬಿದ್ದವನು ಇಂಥ ರೋಗಿ. ತಾನಾಗಿ ಎದ್ದು ಬರಲಾರ. ನಾವೇನು ಮಾಡುತ್ತೇವೆ? ಗೆಳೆಯರು "ಚಾಡಿ ಹೇಳಬಾರದು" ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಹೆತ್ತವರು ಮನೆತನದ ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ. ಸಂಸ್ಥೆಗಳು, ನಮ್ಮ ಕ್ರೈಸ್ತ ಸಂಸ್ಥೆಗಳೂ ಸೇರಿದಂತೆ, ಟಿ.ಸಿ. ಕೈಗಿತ್ತು ಕಳುಹಿಸಿಬಿಡುವ ಆಮಿಷಕ್ಕೆ ಒಳಗಾಗುತ್ತವೆ. ಆವರಣ ಶುದ್ಧವಾಯಿತು, ಹುಡುಗನೇನಾದ? ಮಾರುವವನ ವಿಷಯದಲ್ಲಿ ದಯೆ ತೋರಿದರೆ ನೂರು ಮಕ್ಕಳಿಗೆ ದ್ರೋಹ. ಅವನನ್ನು ಕಾನೂನಿಗೆ ಒಪ್ಪಿಸಲೇಬೇಕು. ಆದರೆ ಬಲೆಗೆ ಬಿದ್ದವನನ್ನು ಮಾರುವವನ ಸಾಲಿನಲ್ಲಿ ನಿಲ್ಲಿಸಬಾರದು. ನಮ್ಮ ದೇಶದ ಕಾನೂನು ಕೂಡ ಹಾಗೆ ಮಾಡುವುದಿಲ್ಲ. 1985ರ ಅದೇ ಕಾಯಿದೆಯ 64ಎ ವಿಧಿಯ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣಕ್ಕೆ ಒಳಗಾದ ವ್ಯಸನಿ ತಾನಾಗಿ ಮುಂದೆ ಬಂದು ಸರಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, ಆ ಅಪರಾಧಕ್ಕಾಗಿ ಅವನನ್ನು ವಿಚಾರಣೆಗೆ ಗುರಿಪಡಿಸುವಂತಿಲ್ಲ. ಕಾನೂನು ತೆರೆದಿಟ್ಟ ಬಾಗಿಲನ್ನು ನಾವು ಮುಚ್ಚುವುದೇ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446ಕ್ಕೆ ಕರೆಮಾಡಿದರೆ ಹತ್ತಿರದ ಕೇಂದ್ರದ ಮಾಹಿತಿ ದೊರೆಯುತ್ತದೆ.

ಚೀನಾ ದೇಶದ ಸಂತ ಮಾರ್ಕ್ ಜಿ ಟಿಯಾನ್‌ಶಿಯಾಂಗ್ ಅವರನ್ನು ನೆನೆಯಿರಿ. ಬಡವರಿಗೆ ಧರ್ಮಾರ್ಥ ಔಷಧ ಕೊಡುತ್ತಿದ್ದ ಈ ವೈದ್ಯರು ಹೊಟ್ಟೆನೋವಿಗೆಂದು ತೆಗೆದುಕೊಂಡ ಅಫೀಮಿಗೆ ದಾಸರಾದರು. ವ್ಯಸನವು ಕಾಯಿಲೆಯೂ ಹೌದೆಂಬ ತಿಳಿವಳಿಕೆ ಆ ಕಾಲದಲ್ಲಿರಲಿಲ್ಲ. ಆದ್ದರಿಂದ ಸುಮಾರು ಮೂವತ್ತು ವರ್ಷ ಅವರಿಗೆ ಪಾಪಕ್ಷಮೆಯೂ ಪರಮಪ್ರಸಾದವೂ ದೊರೆಯಲಿಲ್ಲ. ಆದರೂ ಅವರು ದೇವಾಲಯ ಬಿಡಲಿಲ್ಲ, ಪ್ರಾರ್ಥನೆ ಬಿಡಲಿಲ್ಲ. 1900ರಲ್ಲಿ ಕ್ರೈಸ್ತರ ಹಿಂಸೆಯಾದಾಗ ಕುಟುಂಬದವರೊಡನೆ ಪ್ರಾಣ ಕೊಟ್ಟರು. ತಮ್ಮವರಾರೂ ಒಂಟಿಯಾಗಿ ಸಾಯಬಾರದೆಂದು, ತಮ್ಮ ತಲೆಯನ್ನು ಕೊನೆಯಲ್ಲಿ ಕಡಿಯುವಂತೆ ಬೇಡಿಕೊಂಡರೆಂದು ಹೇಳುತ್ತಾರೆ. 2000ದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರನ್ನು ಸಂತ ಪದವಿಗೇರಿಸಿದರು. ಹೀಗಿರುವಾಗ ಯಾವ ವ್ಯಸನಿಯನ್ನೂ 'ಕೆಟ್ಟುಹೋದವನು' ಎಂದು ಬರೆದುಹಾಕುವ ಅಧಿಕಾರ ನಮಗಿಲ್ಲ.

ಮನೆಯ ಮೇಜು

ಹೆತ್ತವರಿಗೆ ಒಂದು ಮಾತು. ಕಾಲೇಜಿನಲ್ಲಿ ಮದ್ಯ ಇರಬಾರದೆಂದು ನಾವೆಲ್ಲ ಹೇಳುತ್ತೇವೆ. ಆದರೆ ದೀಕ್ಷಾಸ್ನಾನದ ಔತಣದಿಂದ ಮೊದಲ್ಗೊಂಡು ಮದುವೆಯ ಮನೆಯವರೆಗೆ ಬಾಟಲಿಯಿಲ್ಲದೆ ನಮ್ಮ ಸಂತೋಷ ಪೂರ್ಣವಾಗುವುದಿಲ್ಲ. "ಹೋಗು ಮಗಾ, ಸೋಡಾ ತಂದುಕೊಡು" ಎಂದು ಎಂಟು ವರ್ಷದವನನ್ನು ಕಳುಹಿಸಿದ ತಂದೆ, ಹದಿನೆಂಟನೆಯ ವಯಸ್ಸಿನಲ್ಲಿ ಅವನು ಕುಡಿದು ಬಂದಾಗ ಕಾಲೇಜನ್ನು ದೂರುತ್ತಾನೆ. ಮೊದಲ ಪಾಠ ಎಲ್ಲಿ ನಡೆಯಿತು?

ಕಾನಾ ಊರಿನಲ್ಲಿ ಯೇಸುಸ್ವಾಮಿಯೇ ದ್ರಾಕ್ಷಾರಸ ಕೊಡಲಿಲ್ಲವೇ ಎಂದು ಕೆಲವರು ಕೇಳಬಹುದು. ಕೊಟ್ಟರು, ಬಡಮನೆಯೊಂದರ ಮಾನ ಉಳಿಸಲು ಕೊಟ್ಟರು, ಯಾರ ಮಾನವನ್ನೂ ಕಳೆಯಲು ಅಲ್ಲ. ದ್ರಾಕ್ಷಾರಸವೇ ಪಾಪವೆಂದು ಧರ್ಮಸಭೆ ಎಂದೂ ಹೇಳಿಲ್ಲ. ಆದರೆ ನಾವು ಕುಡಿಯುವುದು ಸಹೋದರನಿಗೆ ಎಡವುಗಲ್ಲಾಗುವುದಾದರೆ ಅದನ್ನು ಬಿಡುವುದೇ ಲೇಸೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ (14:21) ಬೋಧಿಸುತ್ತಾರೆ. ಆ ಸಹೋದರ ನಿಮ್ಮ ಸ್ವಂತ ಮಗನೇ ಆಗಿದ್ದರೆ?

ಈ ವಾರ ಮೂರು ಕೆಲಸ ಮಾಡೋಣ. ಮನೆಯ ಮುಂದಿನ ಶುಭಕಾರ್ಯವನ್ನು ಮದ್ಯವಿಲ್ಲದೆ ನಡೆಸಲು ತೀರ್ಮಾನಿಸೋಣ. ದೂರದಲ್ಲಿ ಓದುತ್ತಿರುವ ಮಕ್ಕಳಿಗೆ ಫೋನು ಮಾಡಿದಾಗ ಅಂಕಗಳನ್ನು ಕೇಳುವ ಮೊದಲು, "ನಿನ್ನ ಗೆಳೆಯರು ಯಾರು ಮಗಾ? ರಜೆಯಲ್ಲಿ ಮನೆಗೆ ಕರೆದುಕೊಂಡು ಬಾ" ಎಂದು ಹೇಳೋಣ. ನಮ್ಮ ಧರ್ಮಕೇಂದ್ರದಲ್ಲಿ ಬಿದ್ದವರು ಯಾರಾದರೂ ಇದ್ದರೆ, ಅವರ ಹಾಸಿಗೆಯ ಒಂದು ಮೂಲೆಯನ್ನಾದರೂ ಹಿಡಿಯೋಣ. ಉಳಿದ ಮೂರು ಮೂಲೆಗಳನ್ನು ಹಿಡಿಯುವವರನ್ನು ಪ್ರಭುವೇ ಕಳುಹಿಸುವರು.