ಇಂದಿನ ಧಮ್ಮ ಚಿಂತನೆ: ಕುರ್ಚಿ ಹಿಡಿದು ನಿಲ್ಲಿಸಿದ್ದು ಯಾವುದು?



ನಾನು ಶ್ರೀನಿವಾಸಪುರದಲ್ಲಿ ಹಳೆಯ ಮರದ ಸಾಮಾನು ರಿಪೇರಿ ಮಾಡುವವನು. ಮಾವಿನ ದುಡ್ಡು ಕೈಗೆ ಬಂದ ಮೇಲೆ ಜನ ಅಟ್ಟದ ಮೇಲಿನ ಕುರ್ಚಿ, ಮಂಚ ಇಳಿಸಿ ತರುತ್ತಾರೆ. ಈ ಸಲ ಬೀಟೆ ಮರದ ದೊಡ್ಡ ಕುರ್ಚಿಯೊಂದು ಬಂತು. ಬೆನ್ನಿನ ತುಂಬ ಬಳ್ಳಿ, ಹೂವಿನ ಕೆತ್ತನೆ. ಅದು ಯಾವ ಮನೆಯದೆಂದು ನನಗೆ ಗೊತ್ತಿತ್ತು. ಆ ಮನೆಯ ಕೊಟ್ಟಿಗೆಯಲ್ಲಿ ದನ ಸತ್ತರೆ ಹೊತ್ತುಕೊಂಡು ಹೋಗುತ್ತಿದ್ದವರು ನಮ್ಮ ತಾತ. ಕುರ್ಚಿ ಇದ್ದ ಪಡಸಾಲೆಯನ್ನು ಅವರು ಬೀದಿಯಲ್ಲಿ ನಿಂತು ನೋಡಿದ್ದಷ್ಟೇ.

ಎರಡು ದಿನ ನಾನು ಅದನ್ನು ಮುಟ್ಟಲಿಲ್ಲ. ಗೆದ್ದಲು ತಿನ್ನಲಿ, ಎಲ್ಲವೂ ಅನಿತ್ಯ ತಾನೇ ಅಂದುಕೊಂಡೆ. ಅನಿತ್ಯವನ್ನು ಎಷ್ಟು ಅನುಕೂಲಕ್ಕೆ ಬಳಸಿಕೊಂಡೆ ನೋಡಿ! ತಥಾಗತರು ಹೇಳಿದ ತೃಷ್ಣೆ ಮೂರು: ಕಾಮ ತೃಷ್ಣೆ, ಭವ ತೃಷ್ಣೆ, ವಿಭವ ತೃಷ್ಣೆ. ಇರಬೇಕು ಅನ್ನುವುದು ಹೇಗೆ ತೃಷ್ಣೆಯೋ, ಇಲ್ಲವಾಗಿ ಹೋಗಲಿ ಅನ್ನುವುದೂ ಹಾಗೇ. ನನ್ನದು ಈ ಮೂರನೆಯದು.

ಮೂರನೆಯ ದಿನ ಬಿಚ್ಚಲು ಕೂತೆ. ಸಡಿಲವಾದ ಕಡೆ ಬಿಸಿನೀರಿನ ಬಟ್ಟೆ ಒತ್ತಿದೆ. ಹಳೆಯ ಅಂಟು ಮೆತ್ತಗಾಗಿ ವಾಸನೆ ಎದ್ದಿತು. ದನದ ಚರ್ಮ, ಮೂಳೆ ಬೇಯಿಸಿ ತೆಗೆಯುವ ಅಂಟು ಅದು. ಫೆವಿಕಾಲ್ ಬಂದದ್ದು 1959ರಲ್ಲಿ. ಅದಕ್ಕೆ ಮೊದಲು ಕುರ್ಚಿ ಮೇಜುಗಳಿಗೆ ಹಾಕುತ್ತಿದ್ದದ್ದು ಇದನ್ನೇ. ಸತ್ತ ದನ ಹೊತ್ತವರನ್ನು ಮುಟ್ಟದ ಮನೆಯಲ್ಲಿ, ಯಜಮಾನರನ್ನು ಕೆಳಗೆ ಬೀಳದಂತೆ ಹಿಡಿದದ್ದು ಸತ್ತ ದನದ ಚರ್ಮ! ಜೋರಾಗಿ ನಕ್ಕೆ. ಆಮೇಲೆ ತಾತನ ಹೆಗಲು ನೆನಪಾಯಿತು, ನಗು ನಿಂತಿತು.

ದೂರದ ಅಮೆರಿಕದಲ್ಲೂ ಇಂಥದೇ ಕಥೆ. ಫಿಲಡೆಲ್ಫಿಯಾದಲ್ಲಿ 18ನೇ ಶತಮಾನದಲ್ಲಿ ಕೆತ್ತಿದ ಮಹಾಗನಿ ಕುರ್ಚಿಗಳು ಈಗ ಮ್ಯೂಸಿಯಂಗಳಲ್ಲಿವೆ. ಅಂಟು ಅದೇ. ಆ ಕಾಲಕ್ಕೆ ಜಮೈಕಾ, ಹೊಂಡುರಾಸ್ ಕಾಡುಗಳಲ್ಲಿ ಮಹಾಗನಿ ಕಡಿಯುತ್ತಿದ್ದವರು ಗುಲಾಮರಾಗಿದ್ದ ಆಫ್ರಿಕನ್ನರು. ಬಹುಕಾಲ ಬಡಗಿ ಯಾರು, ಒಡೆಯ ಯಾರು ಎಂದು ಹುಡುಕುತ್ತಿದ್ದ ಸಂಶೋಧಕರು ಈಗ ಮರ ಕಡಿದವರ ಬಗ್ಗೆಯೂ ಬರೆಯುತ್ತಿದ್ದಾರೆ. ಕುರ್ಚಿ ಉಳಿದಿರುವುದರಿಂದ ತಾನೇ ಕೇಳಲು ಆಗುತ್ತಿರುವುದು?

ನಾಗಸೇನರು ಮಿಲಿಂದ ರಾಜನನ್ನು ರಥವೆಂದರೆ ಯಾವುದು, ಅಚ್ಚೋ, ಚಕ್ರವೋ, ನೊಗವೋ ಎಂದು ಕೇಳಿದ್ದು ನಿಮಗೆ ಗೊತ್ತು. ಆ ಪಟ್ಟಿಗೆ ನಾನು ಅಂಟನ್ನೂ ಸೇರಿಸಿಕೊಂಡೆ.

ಮನೆಯವರು ಕೇಳಿದ್ದು ಫೆವಿಕಾಲ್, ಮೇಲೆ ಹೊಸದರಂತೆ ಹೊಳೆಯುವ ಪಾಲಿಷ್. ನಾನು ಒಪ್ಪಲಿಲ್ಲ. ಹಾಗೆ ಉಳಿಸುವುದು ಮುಚ್ಚಿಹಾಕುವುದೂ ಆಗುತ್ತದೆ. ಚರ್ಮದ ಅಂಟನ್ನೇ ತರಿಸಿ, ನೀರಲ್ಲಿ ನೆನೆಸಿ, ಬಿಸಿ ಮಾಡಿ ಹಾಕಿದೆ. ಮುಂದೆ ರಿಪೇರಿ ಮಾಡುವವನು ಮರಕ್ಕೆ ಪೆಟ್ಟಾಗದಂತೆ ಮತ್ತೆ ಬಿಚ್ಚಬಹುದು. ಆದರೂ ಕೈ ಒಮ್ಮೆ ತಡೆಯಿತು. ಸತ್ತ ದನದ ಮಾಂಸ ಬಿಡಿ ಎಂದು ಬಾಬಾಸಾಹೇಬರು 1927ರಲ್ಲೇ ಮಹಾಡ್‌ನಲ್ಲಿ ಕರೆ ಕೊಟ್ಟಿದ್ದರು. ನಾನು ಅದೇ ದನದ ಚರ್ಮಕ್ಕೆ ಮರಳಿದೆನೇ? ಇಲ್ಲ ಅನಿಸುತ್ತದೆ. ತಾತನಿಗೆ ಬೇಡ ಅನ್ನುವ ಹಕ್ಕಿರಲಿಲ್ಲ, ನನಗಿತ್ತು. ನಿಮಗೆ ಬೇರೆ ಅನಿಸಿದರೆ ಭಾನುವಾರ ವಿಹಾರದಲ್ಲಿ ಮಾತಾಡೋಣ.

ಸೀಟಿನ ಅಡಿಗೆ ಒಂದು ಚೀಟಿ ಅಂಟಿಸಿದೆ: ಯಾವ ಅಂಟು, ಯಾವ ವರ್ಷ, ಈ ಮನೆಯ ದನ ಹೊತ್ತವರ ಮೊಮ್ಮಗ ಕೂಡಿಸಿದ್ದು. ಒಯ್ಯಲು ಬಂದ ಹುಡುಗ ಕುರ್ಚಿ ಮಗುಚಿ ಓದಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಟ್ಟಿ ಇದೆಯಾ ಅಣ್ಣಾ, ನೀವು ಕೂತು ನೋಡಿದ್ರಾ?" ಎಂದ.

ಕೂತು ನೋಡದೆ ನಾನು ಯಾವ ಕುರ್ಚಿಯನ್ನೂ ಕಳಿಸುವುದಿಲ್ಲ ಎಂದೆ.