ನಿಮ್ಮ ಎದೆಯ ಮೇಲೆ ಯಾರ ಹೆಸರು?

ಇವತ್ತಿನ ವಾಕ್ಯಭಾಗ ವಿಮೋಚನಕಾಂಡ 28ನೇ ಅಧ್ಯಾಯ, 15ರಿಂದ 29ನೇ ವಚನ. ಮಹಾಯಾಜಕನಾದ ಆರೋನನ ಎದೆಪದಕದಲ್ಲಿ 12 ರತ್ನಗಳಿದ್ದವು. ರತ್ನ ಅಂದರೆ ಕಲ್ಲೇ ಅಲ್ವಾ? ಮೂರು ಪ್ರಶ್ನೆ ಕೇಳೋಣ.

ಮೊದಲನೆಯದು, ಈ ಕಲ್ಲು ಏನು? ಊರಿಗೆ ಹೋದಾಗ ಹಳ್ಳದಲ್ಲಿ ಸಿಕ್ಕಿದ್ದನ್ನು ತಂದು ಕೆಲವರು ಕೇಳ್ತೀರಿ, “ಪಾಸ್ಟರ್, ಇದು ಲಕ್ಕಿ ಸ್ಟೋನ್ ಏನ್ರೀ?” ಪರೀಕ್ಷಿಸಿ ನೋಡಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ಹೆಚ್ಚಾಗಿ ಇರೋದು ಸುಣ್ಣದ ಕಲ್ಲು. ನೆಲಕ್ಕೆ ಹಾಸೋ ಫರ್ಸಿ ಅದೇ, ಸಿಮೆಂಟ್ ಆಗೋದೂ ಅದೇ. ಚಾಕುವಿನಿಂದ ಗೀರಿದರೆ ಗೆರೆ ಬೀಳುತ್ತೆ, ಆ ಪುಡಿಗೆ ನಿಂಬೆರಸ ಹಿಂಡಿದರೆ ನೊರೆ ಬರುತ್ತೆ. ಆದರೆ ಚಿಂಚೋಳಿ ಗುಡ್ಡದ ಕಡೆ ಲಾವಾದಿಂದಾದ ಕಪ್ಪು ಬಂಡೆ ಇದೆ. ಅಂಥ ಬಂಡೆಯ ಖಾಲಿ ಗುಳ್ಳೆಯೊಳಗೆ ಸಿಲಿಕಾ ಪದರ ಪದರವಾಗಿ ತುಂಬಿದರೆ ಅಗೇಟ್ ಆಗುತ್ತೆ, ಉರ್ದುವಿನಲ್ಲಿ ಅಕೀಕ್. ಅದಕ್ಕೆ ಚಾಕು ತಾಗೋದಿಲ್ಲ, ನೊರೆ ಬರೋದಿಲ್ಲ, ಅದು ಗಾಜನ್ನೇ ಗೀರುತ್ತೆ. ಖಾಲಿ ಜಾಗವನ್ನು ಇಷ್ಟು ಚೆಂದ ತುಂಬಿದ ದೇವರಿಗೆ ಸ್ತೋತ್ರ! ಆದರೆ ನಿಮ್ಮ ಕೆಲಸ, ಮದುವೆ ನಿರ್ಧರಿಸೋ ಶಕ್ತಿ ಆ ಕಲ್ಲಿಗಿಲ್ಲ. ತಾಯಿತದ ಹಾಗೆ ಅದನ್ನು ಕಟ್ಟಿಕೊಳ್ಳಬೇಡಿ ಅಂತ ನಾನು ಹೇಳ್ತೀನಿ.

ಎರಡನೆಯದು, ಅದು ಒಡವೆ ಆಗೋದು ಹೇಗೆ? ವಜ್ರದ ಪುಡಿ ಕೂಡಿಸಿದ ಗರಗಸದಿಂದ ನೀರು ಬಿಡುತ್ತಾ ಕೊಯ್ಯಬೇಕು. ಆಮೇಲೆ ಒರಟು ಪುಡಿ, ನಯವಾದ ಪುಡಿ, ಕೊನೆಗೆ ಪಾಲಿಶ್. ಒಂದು ಹಂತ ಬಿಟ್ಟರೂ ಹಳೇ ಗೀರು ಹೊಳಪಿನಲ್ಲಿ ಕಾಣುತ್ತೆ. ನೀರಿಲ್ಲದೆ ಉಜ್ಜಿದರೆ ಧೂಳು ಶ್ವಾಸಕೋಶಕ್ಕೆ ಹೋಗುತ್ತೆ. ಗುಜರಾತಿನ ಖಂಭಾತ್‌ನಲ್ಲಿ ಅಕೀಕ್ ಉಜ್ಜುತ್ತಲೇ ಸಿಲಿಕೋಸಿಸ್ ಬಂದು ಸತ್ತವರಿದ್ದಾರೆ. ನಮ್ಮ ಕಡೆ ಫರ್ಸಿ ಗಣಿಯಲ್ಲಿ ದುಡಿಯುವವರೂ ಧೂಳಿನಲ್ಲೇ ನಿಲ್ತಾರೆ. ನಿಮ್ಮಲ್ಲಿ ಎಷ್ಟು ಜನರ ಕಾಲೇಜ್ ಫೀಸ್ ಆ ಧೂಳಿನಿಂದ ಬಂದಿದೆ?

ಮೂರನೆಯದು, ಕಲ್ಲಿನ ಮೇಲೆ ಯಾರ ಹೆಸರಿದೆ? ಆರೋನನು ಆ 12 ಕಲ್ಲುಗಳನ್ನು ಅಂದಕ್ಕಾಗಿ ಮಾತ್ರ ಧರಿಸಲಿಲ್ಲ. ಇಸ್ರಾಯೇಲಿನ 12 ಕುಲಗಳ ಹೆಸರು ಅವುಗಳ ಮೇಲೆ ಕೆತ್ತಿತ್ತು. ಸನ್ನಿಧಿಗೆ ಹೋಗುವಾಗೆಲ್ಲ ಆ ಜನರನ್ನು ಎದೆಯ ಮೇಲೆ ಹೊತ್ತು ಹೋಗ್ತಿದ್ದ. ಒಡವೆಯ ವಿಷಯದಲ್ಲಿ ಸಭೆಗಳಲ್ಲಿ ಭಿನ್ನ ಅಭಿಪ್ರಾಯ ಇದೆ, 1 ಪೇತ್ರ 3ನೇ ಅಧ್ಯಾಯ ಓದಿ, ಪ್ರಾರ್ಥಿಸಿ. ಹಾಕಿಕೊಂಡವರಿಗೂ ಹಾಕಿಕೊಳ್ಳದವರಿಗೂ ಪ್ರಶ್ನೆ ಒಂದೇ. ಈ ವಾರ 12 ಹೆಸರು ಬರೆಯಿರಿ. ಧೂಳಿನಲ್ಲಿ ದುಡಿದ ಅಪ್ಪನ ಹೆಸರು ಮೊದಲು ಇರಲಿ. ಫೋನ್ ಮಾಡಿ, “ಕೆಮ್ಮು ಹೆಂಗದ ಅಪ್ಪಾ?” ಅಂತ ಕೇಳಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಆಮೇಲೆ ಮೊಣಕಾಲೂರಿ. ಆಮೆನ್.