ಲಾಕ್ ಹಾಕುವವರು ಯಾರು?

ಎಂಜಿನ್ನಿನಿಂದ ಬಂದ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುತ್ತಲೇ ಆ ಎರಡೂ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಗೂಡು ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎಷ್ಟು ಹೆಚ್ಚು ಎಂಬ ಲೆಕ್ಕಕ್ಕೆ ತಿರುವು ಅಗಲವೋ ಇಕ್ಕಟ್ಟೋ ಎಂಬುದು ಸಂಬಂಧವೇ ಇಲ್ಲ. ಎರಡು ಚಕ್ರಗಳ ನಡುವಿನ ಅಂತರ 1.6 ಮೀಟರ್ ಇದ್ದರೆ, ಗಾಡಿ ಪೂರ್ತಿ ಹಿಂದಕ್ಕೆ ಹೊರಳುವ ಒಂದು ಹೇರ್‌ಪಿನ್ ತಿರುವಿನಲ್ಲಿ ಹೊರಚಕ್ರವು ಒಳಚಕ್ರಕ್ಕಿಂತ ಸುಮಾರು 5 ಮೀಟರ್ ಹೆಚ್ಚು ಓಡುತ್ತದೆ. ಉಡುಪಿಯಿಂದ ಮಣಿಪಾಲ, ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುವ ರಾಷ್ಟ್ರೀಯ ಹೆದ್ದಾರಿ 169ಎಯಲ್ಲಿ ಅಂಥ 14 ತಿರುವುಗಳಿವೆ. ಅವು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬರುವುದರಿಂದ ಘಟ್ಟದ ತುದಿ ಮುಟ್ಟುವ ಹೊತ್ತಿಗೆ ಎರಡು ಚಕ್ರಗಳ ಲೆಕ್ಕ ಬಹುಮಟ್ಟಿಗೆ ಸರಿಹೋಗಿರುತ್ತದೆ. ಆದರೆ ಆಯಾ ತಿರುವಿನಲ್ಲಿ ಭೇದ ಇರಲೇಬೇಕು. ಅದನ್ನು ತಡೆದರೆ ಟಯರು ರಸ್ತೆಗೆ ಉಜ್ಜಿ ಸವೆಯುತ್ತದೆ, ಇಲ್ಲವೇ ಅಚ್ಚು ಒಳಗೊಳಗೇ ತಿರುಚಿಕೊಳ್ಳುತ್ತದೆ.

ಚಕ್ರದ ಮೂಲಕವೇ ಬಲ ಹರಿಯಬೇಕಾದ ಗಾಡಿಗೆ ಮಾತ್ರ ಈ ಇಕ್ಕಟ್ಟು. ಮಕರ ಸಂಕ್ರಾಂತಿಯಂದು ಉಡುಪಿಯ ರಥಬೀದಿಯಲ್ಲಿ ಎಳೆಯುವ ರಥಗಳ ಚಕ್ರಗಳು ತಮ್ಮ ತಮ್ಮ ಪಾಡಿಗೆ ಸುತ್ತುತ್ತವೆ. ಬಲವಿರುವುದು ಹಗ್ಗ ಹಿಡಿದ ಜನರಲ್ಲಿ, ಆದ್ದರಿಂದ ಹಂಚಿಕೆಯ ಮಾತೇ ಏಳುವುದಿಲ್ಲ. ಬಲ ಒಂದೆಡೆ ಹುಟ್ಟಿ ಇಬ್ಬರಿಗೆ ಪಾಲಾಗಬೇಕಾದಾಗ ನ್ಯಾಯದ ಪ್ರಶ್ನೆ ಏಳುತ್ತದೆ. ಪಾಲು ಮಾಡುವವರು ಯಾರು ಎಂದು ಕೇಳಿದರೆ ಕರ್ತೃತ್ವದ ಪ್ರಶ್ನೆಯೂ ಏಳುತ್ತದೆ. ಕೆಟ್ಟುನಿಂತ ಕಾರುಗಳನ್ನು ಎಳೆದು ತರುವ ಗಾಡಿಗೆ, ಚಕ್ರಗಳ ಈ ವೇಗಭೇದವನ್ನು ತಡೆಯುವ ಯಾವ ಬಗೆಯ ಲಾಕ್ ಹಾಕಿಸಬೇಕು ಎಂಬ ಗ್ಯಾರೇಜಿನ ವಿಚಾರದಲ್ಲಿ ಈ ಎರಡೂ ಅಡಗಿವೆ.

ಮೊದಲಿಗೆ ಪಾಲಿನ ವಿಚಾರ. ಸಾಮಾನ್ಯ ಡಿಫರೆನ್ಷಿಯಲ್ ಎರಡು ಚಕ್ರಗಳಿಗೂ ಸಮಾನ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಕೇಳಲು ಇದಕ್ಕಿಂತ ನ್ಯಾಯವಾದದ್ದು ಇನ್ನೊಂದಿಲ್ಲ. ಆಟಿ ತಿಂಗಳ ಮಳೆಯಲ್ಲಿ ಡಾಂಬರಿನ ಅಂಚು ಬಿಟ್ಟು ಒಂದು ಚಕ್ರ ಕೆಂಪು ಮಣ್ಣಿಗೆ ಇಳಿದಾಗ ಈ ನ್ಯಾಯದ ಬಣ್ಣ ಬಯಲಾಗುತ್ತದೆ. ಕೆಸರಿನ ಚಕ್ರ ತಾಳಿಕೊಳ್ಳುವುದು ಅಲ್ಪ ಬಲವನ್ನು ಮಾತ್ರ. ಸಮಾನತೆಯ ನಿಯಮದಂತೆ ಡಾಂಬರಿನ ಮೇಲಿರುವ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಒಂದು ಚಕ್ರ ಕೆಸರು ಎರಚುತ್ತ ಸುಮ್ಮನೆ ಸುತ್ತುತ್ತದೆ. ಇನ್ನೊಂದು ಶಕ್ತಿಯಿದ್ದೂ ನಿಂತಲ್ಲೇ ನಿಂತಿರುತ್ತದೆ. ಲಾಕ್ ಹಾಕಿದರೆ ಎರಡು ಚಕ್ರಗಳ ವೇಗ ಒಂದಾಗುತ್ತದೆ, ಟಾರ್ಕ್ ಮಾತ್ರ ಹಿಡಿತ ಇದ್ದ ಕಡೆಗೆ ಹೆಚ್ಚು ಹೋಗುತ್ತದೆ. ಅಂದರೆ ಒಂದರಲ್ಲಿ ಸಮತೆ ಬಯಸಿದರೆ ಇನ್ನೊಂದರಲ್ಲಿ ವಿಷಮತೆಯನ್ನು ಒಪ್ಪಲೇಬೇಕು. ಹಿಡಿತ ಬೇರೆ ಬೇರೆಯಾಗಿರುವಾಗ ಎರಡೂ ಒಟ್ಟಿಗೆ ದಕ್ಕುವುದಿಲ್ಲ. ಅಮರ್ತ್ಯ ಸೇನ್ 1979ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಉಪನ್ಯಾಸದಲ್ಲಿ ಎತ್ತಿದ ಪ್ರಶ್ನೆ ಇದೇ ಜಾತಿಯದು: ಸಮಾನತೆ ಸರಿ, ಆದರೆ ಯಾವುದರ ಸಮಾನತೆ?

ಉಡುಪಿಯಲ್ಲಿ ಭೇದದ ಮಾತು ಬಂದಾಗ ಮಧ್ವಾಚಾರ್ಯರನ್ನು (1238–1317) ಬಿಟ್ಟು ಮುಂದೆ ಹೋಗಲಾಗದು. ಹತ್ತಿರದ ಪಾಜಕದಲ್ಲಿ ಹುಟ್ಟಿದ ಅವರು ಭೇದವನ್ನು ಭ್ರಮೆ ಎನ್ನದೆ ಸತ್ಯ ಎಂದರು. ಈಶ್ವರ ಮತ್ತು ಜೀವ, ಈಶ್ವರ ಮತ್ತು ಜಡ, ಜೀವ ಮತ್ತು ಜೀವ, ಜೀವ ಮತ್ತು ಜಡ, ಜಡ ಮತ್ತು ಜಡ ಎಂಬ ಐದು ಭೇದಗಳು ಅವರ ದರ್ಶನದ ಅಡಿಗಲ್ಲು. ಘಟ್ಟದ ಮೇಲೆ ಶೃಂಗೇರಿಯಲ್ಲಿ ನೆಲೆಯೂರಿದ ಶಂಕರರ ಅದ್ವೈತ ಇದನ್ನು ಒಪ್ಪುವುದಿಲ್ಲ. ಹಾಗೆಂದು ಬಿಟ್ಟುಕೊಟ್ಟ ಡಿಫರೆನ್ಷಿಯಲ್ ದ್ವೈತ, ಲಾಕ್ ಹಾಕಿದ್ದು ಅದ್ವೈತ ಎಂದುಬಿಡುವುದು ಹರಟೆಗೆ ಚೆನ್ನ, ವಿಚಾರಕ್ಕಲ್ಲ. ಮಧ್ವರು ಹೇಳಿದ ಜೀವಗಳ ತಾರತಮ್ಯ ಸ್ವರೂಪಕ್ಕೆ ಸೇರಿದ್ದು, ಎಂದಿಗೂ ಅಳಿಯದ್ದು. ಚಕ್ರಗಳ ತಾರತಮ್ಯ ಹಾಗಲ್ಲ. ಕಾಪುವಿನಲ್ಲಿ ಮರಳಿಗೆ ಹೂತ ಎಡಚಕ್ರ ಕಟಪಾಡಿ ಮುಟ್ಟುವಾಗ ಒಣ ಡಾಂಬರಿನ ಮೇಲಿರುತ್ತದೆ. ಅದರ ದೌರ್ಬಲ್ಯ ಅದು ನಿಂತ ಜಾಗದ್ದು. ಲಾಕ್ ಶಾಶ್ವತವಾಗಿರಬಾರದು ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಹಿಡಿತ ಎಂಬುದನ್ನೇ ತತ್ತ್ವದ ಕಣ್ಣಿಂದ ನೋಡಿದವರಿಗೆ ಕಾರ್ಕಳದ ದಾರಿ ಬೇರೆ ತೋರುತ್ತದೆ. ವೀರಪಾಂಡ್ಯ ಭೈರರಸ 1432ರಲ್ಲಿ ಪ್ರತಿಷ್ಠಾಪಿಸಿದ, ಸುಮಾರು 42 ಅಡಿ ಎತ್ತರದ ಬಾಹುಬಲಿ ಅಲ್ಲಿನ ಬೋಳು ಬಂಡೆಯ ಮೇಲೆ ನಿಂತಿದ್ದಾನೆ. ಕಡೆದ ವಿಗ್ರಹವನ್ನು ಗಾಡಿಯ ಮೇಲೇರಿಸಿ ಬೆಟ್ಟಕ್ಕೆ ಎಳೆದು ತಂದರು ಎಂಬ ಕಥನವೂ ಉಂಟು. ಅವನನ್ನು ಆರಾಧಿಸುವ ಜೈನರ ದರ್ಶನ ಎಣಿಸುವ ಆರು ದ್ರವ್ಯಗಳಲ್ಲಿ ಧರ್ಮ, ಅಧರ್ಮ ಎಂಬ ಎರಡಿವೆ. ಇವು ಪುಣ್ಯಪಾಪಗಳಲ್ಲ. ಧರ್ಮದ್ರವ್ಯ ಚಲನೆಗೆ ಆಸರೆ, ಅಧರ್ಮದ್ರವ್ಯ ನಿಲುಗಡೆಗೆ ಆಸರೆ. ಎರಡೂ ಯಾವುದನ್ನೂ ನೂಕುವುದಿಲ್ಲ, ಹಿಡಿದು ನಿಲ್ಲಿಸುವುದೂ ಇಲ್ಲ. ಚಲಿಸಹೊರಟದ್ದಕ್ಕೆ ಚಲಿಸುವ, ನಿಲ್ಲಹೊರಟದ್ದಕ್ಕೆ ನಿಲ್ಲುವ ಅನುಕೂಲ ಕೊಟ್ಟು ಉದಾಸೀನವಾಗಿರುತ್ತವೆ. ಲೋಕವನ್ನೆಲ್ಲ ವ್ಯಾಪಿಸಿದ ಆ ದ್ರವ್ಯಗಳಿಗೂ ಟಯರಿನ ಘರ್ಷಣೆಗೂ ನೇರ ನಂಟಿಲ್ಲ ನಿಜ. ಆದರೆ ಅವು ಕಲಿಸುವ ವಿವೇಕ ಇಲ್ಲಿಯೂ ಸಲ್ಲುತ್ತದೆ: ಮಾಡುವ ಕಾರಣ ಬೇರೆ, ಆಸರೆಯಾಗುವ ಕಾರಣ ಬೇರೆ. ಲಾಕ್ ಹಿಡಿತವನ್ನು ಸೃಷ್ಟಿಸುವುದಿಲ್ಲ, ಇದ್ದ ಹಿಡಿತವನ್ನು ಬಳಸಿಕೊಳ್ಳುತ್ತದೆ. ಎರಡು ಚಕ್ರಗಳೂ ಪಾಚಿಗಟ್ಟಿದ ಬಂಡೆಯ ಮೇಲಿದ್ದರೆ ಯಾವ ಲಾಕೂ ಉಪಯೋಗಕ್ಕೆ ಬಾರದು. ಸವೆದ ಟಯರು ಬದಲಾಯಿಸುವ ಮೊದಲೇ ಲಾಕಿಗೆ ದುಡ್ಡು ಸುರಿಯುವವರು ಈ ಎರಡು ಕಾರಣಗಳನ್ನು ಕಲಸಿಬಿಟ್ಟಿರುತ್ತಾರೆ.

ಟೋಯಿಂಗ್ ಗಾಡಿಯ ವಿಷಯದಲ್ಲಿ ಇನ್ನೊಂದು ಕಲಸುಮೇಲೋಗರವೂ ನಡೆಯುತ್ತದೆ. ತೋಡಿಗೆ ಬಿದ್ದ ಕಾರನ್ನು ಮೇಲೆತ್ತುವುದು ಸಾಮಾನ್ಯವಾಗಿ ಗಾಡಿಯ ಚಕ್ರಗಳಲ್ಲ, ವಿಂಚ್. ಗಾಡಿ ಗಟ್ಟಿ ನೆಲದ ಮೇಲೆ ಅಡ್ಡೆ ಕೊಟ್ಟು ನಿಂತಿರುತ್ತದೆ, ಉಕ್ಕಿನ ಹಗ್ಗ ಎಳೆಯುತ್ತದೆ. ಲಾಕ್ ಬೇಕಾಗುವುದು ಆ ಗಟ್ಟಿ ನೆಲಕ್ಕೆ ತಲಪಲು, ಅಲ್ಲಿಂದ ಹೊರಬೀಳಲು, ಒಂದು ಚಕ್ರ ಗದ್ದೆಯ ಬದುವಿಗೆ ಇಳಿದಾಗ ಮತ್ತೆ ರಸ್ತೆ ಸೇರಲು. ಉಳಿದ ಹೊತ್ತೆಲ್ಲ ಗಾಡಿ ಹೆದ್ದಾರಿ 66ರ ಚತುಷ್ಪಥದಲ್ಲೋ ಮಣಿಪಾಲದ ಏರಿನಲ್ಲೋ ಓಡುತ್ತಿರುತ್ತದೆ. ಹಿಂದೆ ಕಾರಿನ ಮುಂಭಾಗವನ್ನು ಎತ್ತಿಕೊಂಡಾಗ ಹಿಂದಿನ ಅಚ್ಚಿನ ಮೇಲೆ ಭಾರ ಹೆಚ್ಚುತ್ತದೆ, ಮುಂದಿನ ಚಕ್ರಗಳು ಹಗುರಾಗುತ್ತವೆ. ಸ್ಟಿಯರಿಂಗಿನ ಮಾತು ಕೇಳುವ ಚಕ್ರಗಳೇ ಹಗುರಾದ ಆ ಸ್ಥಿತಿಯಲ್ಲಿ ಹಿಂದಿನ ಅಚ್ಚು ಲಾಕ್ ಆಗಿದ್ದರೆ ಗಾಡಿ ತಿರುಗದೆ ನೇರ ನುಗ್ಗಲು ನೋಡುತ್ತದೆ. ಮಳೆಗೆ ಒದ್ದೆಯಾದ ರಸ್ತೆಯಲ್ಲಿ ಎರಡೂ ಹಿಂಚಕ್ರಗಳು ಒಟ್ಟಿಗೆ ಹಿಡಿತ ಕಳೆದುಕೊಂಡರೆ ಬಾಲ ಪಕ್ಕಕ್ಕೆ ಸರಿಯುವುದೂ ಉಂಟು. ಹಿಂದೆ ಜೋಡಿ ಟಯರಿರುವ ಗಾಡಿಗಳಲ್ಲಿ ಒಂದು ಮಟ್ಟದ ಲಾಕ್ ಮೊದಲೇ ಇದೆ: ಒಂದೇ ಹಬ್ಬಿಗೆ ಕಟ್ಟಿದ ಎರಡು ಟಯರುಗಳು 30 ಸೆಂಟಿಮೀಟರ್ ಅಂತರದಲ್ಲಿದ್ದರೆ ಪ್ರತಿ ಹೇರ್‌ಪಿನ್ನಿನಲ್ಲಿ ಸುಮಾರು ಒಂದು ಮೀಟರಿನ ವ್ಯತ್ಯಾಸವನ್ನು ಉಜ್ಜಿಯೇ ತೀರಿಸಬೇಕು.

ಇನ್ನು ಲಾಕಿನ ಬಗೆಗಳು. ಡಿಫರೆನ್ಷಿಯಲ್ ಗೇರುಗಳಿಗೆ ವೆಲ್ಡಿಂಗ್ ಹೊಡೆಸಿಬಿಡುವುದು ಅತ್ಯಂತ ಅಗ್ಗದ್ದು, ರಸ್ತೆಯ ಗಾಡಿಗೆ ಸಲ್ಲದ್ದು. ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕ್ಲಚ್ ಪ್ಲೇಟಿನ ಲಿಮಿಟೆಡ್ ಸ್ಲಿಪ್ ಬಗೆಯದು ವೇಗದ ವ್ಯತ್ಯಾಸವನ್ನು ಪೂರ್ತಿ ತಡೆಯದೆ ಸ್ವಲ್ಪ ಬಿಗಿಹಿಡಿಯುತ್ತದೆ. ಪ್ಲೇಟು ಸವೆಯುತ್ತದೆ, ತಕ್ಕ ಎಣ್ಣೆ ಬೇಕು. ಓರೆಹಲ್ಲಿನ ಗೇರುಗಳ ಟಾರ್ಸೆನ್ ಬಗೆಯದು ಹಿಡಿತ ಕಡಿಮೆ ಇದ್ದ ಚಕ್ರ ತಾಳುವ ಟಾರ್ಕಿನ ಇಂತಿಷ್ಟು ಪಟ್ಟನ್ನು ಇನ್ನೊಂದಕ್ಕೆ ಕೊಡುತ್ತದೆ. ನಯವಾಗಿ ನಡೆಯುತ್ತದೆ, ಘಾಟಿಗೆ ಒಳ್ಳೆಯದು. ಆದರೆ ಒಂದು ಚಕ್ರ ನೆಲ ಬಿಟ್ಟೆದ್ದರೆ ಸೊನ್ನೆಯ ಮೂರು ಪಟ್ಟೂ ಸೊನ್ನೆಯೇ. ಆಗ ಬ್ರೇಕನ್ನು ಸ್ವಲ್ಪ ಒತ್ತಿ ಸುತ್ತುವ ಚಕ್ರಕ್ಕೆ ತಡೆಯೊಡ್ಡಬೇಕಾಗುತ್ತದೆ. ಡೆಟ್ರಾಯ್ಟ್ ಲಾಕರಿನಂಥವು ಆಕ್ಸಿಲರೇಟರ್ ಒತ್ತಿದಾಗ ತಾವಾಗಿಯೇ ಬಿಗಿಯುತ್ತವೆ, ತಿರುವಿನಲ್ಲಿ ಹೊರಚಕ್ರವನ್ನು ಬಿಟ್ಟುಕೊಡುತ್ತವೆ. ಬಿಟ್ಟು ಹಿಡಿಯುವಾಗ ಸದ್ದು, ಎಳೆತ ಎರಡೂ ಗೊತ್ತಾಗುತ್ತವೆ. ಈಟನ್ ಕಂಪನಿಯ ಯಾಂತ್ರಿಕ ಲಾಕ್ ಮಹೀಂದ್ರಾ ಥಾರ್‌ನ ಕೆಲವು ಮಾದರಿಗಳಲ್ಲಿ ಬಂದದ್ದರಿಂದ ಇಲ್ಲಿನ ಗ್ಯಾರೇಜುಗಳಿಗೂ ಪರಿಚಿತ. ಎರಡು ಚಕ್ರಗಳ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತುಗಳ ಅಂತರ ಬಂದಾಗ ಅದು ಬಿಗಿಯುತ್ತದೆ, ವೇಗ ಹೆಚ್ಚಿದ್ದರೆ ಬಿಗಿಯದಂತೆ ತಡೆಯೂ ಅದರೊಳಗೇ ಇದೆ. ಕೊನೆಯದು ಚಾಲಕರೇ ಹಾಕಿ ತೆಗೆಯುವ ಲಾಕ್. ಕೆಲವು ಗಾಳಿಯ ಒತ್ತಡದಿಂದ, ಕೆಲವು ವಿದ್ಯುತ್ತಿನಿಂದ ನಡೆಯುತ್ತವೆ. ಫೋರ್ಸ್ ಗೂರ್ಖಾದಲ್ಲಿ ಬಂದದ್ದು ಸನ್ನೆಗೋಲಿನದು.

ತತ್ತ್ವದ ದೃಷ್ಟಿಯಿಂದ ಈ ಪಟ್ಟಿ ಎರಡೇ ಪಾಲಾಗುತ್ತದೆ: ತಾನಾಗಿ ನಡೆಯುವುದು ಮತ್ತು ಮನುಷ್ಯ ನಡೆಸುವುದು. ಕರ್ತೃ ಯಾರು ಎಂಬುದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಚರ್ಚೆಗೆ ಬಂದಿದೆ. ಅಲ್ಲಿ ಬಡಗಿಯ ದೃಷ್ಟಾಂತವಿರುವ ಒಂದು ಪುಟ್ಟ ಸೂತ್ರವಿದೆ. ಅದನ್ನು ಶಂಕರರು ಒಂದು ಬಗೆಯಾಗಿ, ಮಧ್ವರು ಇನ್ನೊಂದು ಬಗೆಯಾಗಿ ಓದಿದ್ದಾರೆ. ಶಂಕರರ ಓದಿನಲ್ಲಿ ಬಡಗಿ ಉಳಿ ಬಾಚಿ ಹಿಡಿದಾಗ ಕರ್ತೃ, ದಣಿಯುವವನು. ಅವನ್ನು ಕೆಳಗಿಟ್ಟು ಮನೆ ಸೇರಿದಾಗ ನಿರಾಳ. ಹಾಗೆಯೇ ಕರ್ತೃತ್ವ ಆತ್ಮದ ಸ್ವಭಾವವಲ್ಲ, ಉಪಾಧಿಗಳಿಂದ ಬಂದದ್ದು. ಮಧ್ವರ ಓದಿನಲ್ಲಿ ಬಡಗಿ ಮಾಡಿಸುವವನ ಅಧೀನ, ಆದರೂ ಕೆತ್ತುವವನು ಅವನೇ. ಜೀವನೂ ಹಾಗೆಯೇ: ಈಶ್ವರನ ಅಧೀನ, ಆದರೂ ನಿಜವಾದ ಕರ್ತೃ. ಪರಾಧೀನತೆ ಕರ್ತೃತ್ವವನ್ನು ಅಳಿಸುವುದಿಲ್ಲ ಎಂಬುದು ಇಲ್ಲಿನ ತಿರುಳು. ಜೀವ ಕರ್ತೃವೇ ಅಲ್ಲದಿದ್ದರೆ ಮಾಡು, ಮಾಡಬೇಡ ಎಂಬ ಶಾಸ್ತ್ರದ ಮಾತಿಗೆ ಅರ್ಥವೇ ಉಳಿಯುವುದಿಲ್ಲ ಎಂಬ ವಾದ ಅದೇ ಪ್ರಕರಣದ ಮೊದಲಲ್ಲಿದೆ.

ರಸ್ತೆಯ ವ್ಯವಹಾರಕ್ಕೆ ಮಧ್ವರ ಓದು ಹೆಚ್ಚು ಒದಗುತ್ತದೆ. ಟೋಯಿಂಗ್ ಗಾಡಿಯ ಚಾಲಕ ಮೂರು ಪಟ್ಟು ಪರಾಧೀನ: ಗಾಡಿ ಮಾಲಕರದು, ಹೊತ್ತು ಕರೆ ಮಾಡಿದವರದು, ನೆಲ ಮಳೆಯದು. ಇಷ್ಟಾದರೂ ಬಜಗೋಳಿಯ ಆಚೆ ಕತ್ತಲಲ್ಲಿ ಸ್ವಿಚ್ಚು ಒತ್ತುವ ಬೆರಳು ಅವರದೇ. ಭಗವದ್ಗೀತೆಯ 18ನೆಯ ಅಧ್ಯಾಯ ಯಾವುದೇ ಕರ್ಮಕ್ಕೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳನ್ನು ಹೇಳುತ್ತದೆ. ತಾನಾಗಿ ಬಿಗಿಯುವ ಲಾಕಿನಲ್ಲಿ ಕರ್ತೃವಿನ ಪಾಲಿನ ಒಂದು ತುಣುಕು ಕರಣಕ್ಕೆ ಸರಿದುಹೋಗುತ್ತದೆ, ಜವಾಬ್ದಾರಿ ಮಾತ್ರ ಸರಿಯುವುದಿಲ್ಲ. ಒದ್ದೆ ತಿರುವಿನ ನಡುವೆ ಲಾಕ್ ತಾನಾಗಿ ಬಿಗಿದು ಗಾಡಿ ಎದುರು ಬದಿಗೆ ಸರಿದರೆ ಉತ್ತರ ಹೇಳಬೇಕಾದವರು ಚಾಲಕರೇ. ತಾನು ನಿರ್ಧರಿಸದ್ದಕ್ಕೆ ತಾನು ಹೊಣೆಯಾಗುವ ಈ ಸ್ಥಿತಿ ನೈತಿಕವಾಗಿ ಅಷ್ಟು ಸುಖದ್ದಲ್ಲ.

ಇದಕ್ಕೆ ಎದುರುವಾದವೂ ಸತ್ವಹೀನವಲ್ಲ. ನಡುರಾತ್ರಿ ಎದ್ದು ಬಂದ, ಮಳೆಯಲ್ಲಿ ನೆನೆದ ಚಾಲಕ ಲಾಕ್ ತೆಗೆಯಲು ಮರೆಯಬಹುದು. ಯಂತ್ರಕ್ಕೆ ಮರೆವಿಲ್ಲ. ಮನುಷ್ಯನ ಕರ್ತೃತ್ವಕ್ಕೆ ಬೆಲೆ ಕೊಡುವವರು ಅವನ ದಣಿವಿಗೂ ಬೆಲೆ ಕೊಡಬೇಕು. ಹಾಗಾಗಿ ಆಯ್ಕೆಯನ್ನು ಗಾಡಿಗಿಂತ ಹೆಚ್ಚಾಗಿ ಅದನ್ನು ಓಡಿಸುವ ಕ್ರಮ ತೀರ್ಮಾನಿಸುತ್ತದೆ. ಒಬ್ಬರೇ ಚಾಲಕರು ಖಾಯಂ ಇದ್ದು, ಕಾಪುವಿನ ಮರಳು, ಕಾರ್ಕಳದ ಒಳದಾರಿಗಳ ಕರೆ ಆಗಾಗ ಬರುವಲ್ಲಿ ಸ್ವಿಚ್ಚಿನ ಲಾಕ್ ಸರಿ. ಚಾಲಕರು ಬದಲಾಗುತ್ತಿರುವ ಗಾಡಿಗೆ ವೇಗದ ತಡೆಯುಳ್ಳ ಯಾಂತ್ರಿಕ ಲಾಕ್ ಕ್ಷೇಮ. ಬಹುಪಾಲು ಕೆಲಸ ಉಡುಪಿ, ಮಣಿಪಾಲದ ಪೇಟೆಯೊಳಗೇ ಆಗುವುದಾದರೆ ಒಳ್ಳೆಯ ಟಯರು, ಒಳ್ಳೆಯ ವಿಂಚ್ ಇದ್ದರೆ ಸಾಕು, ಸಾಮಾನ್ಯ ಡಿಫರೆನ್ಷಿಯಲ್ಲನ್ನು ಮುಟ್ಟದಿರುವುದೇ ಲೇಸು. ತಾನಾಗಿ ಹಿಡಿದು ಬಿಡುವ ಲಾಕರ್‌ಗಳು ಕಾಡುದಾರಿಯ ಗಾಡಿಗೆ ಹೊಂದುತ್ತವೆ, ಬಸ್ಸು ಸ್ಕೂಟರುಗಳ ನಡುವೆ ಭಾರ ಎಳೆಯುವ ಗಾಡಿಗಲ್ಲ.

ಸ್ವಿಚ್ಚಿನ ಲಾಕ್ ಬಳಸುವ ಕ್ರಮವೂ ಆಯ್ಕೆಯಷ್ಟೇ ಮುಖ್ಯ. ಚಕ್ರ ಸುತ್ತುತ್ತಿರುವಾಗ ಅದನ್ನು ಹಾಕಬಾರದು, ಹಲ್ಲು ಮುರಿಯುತ್ತದೆ. ಗಾಡಿ ನಿಲ್ಲಿಸಿ ಹಾಕಿ, ನಿಧಾನ ಹೊರಬಂದು, ಗಟ್ಟಿ ನೆಲ ಸಿಕ್ಕಿದ ಕೂಡಲೇ ತೆಗೆಯಬೇಕು. ಸ್ವಿಚ್ಚು ಆರಿಸಿದ ಮಾತ್ರಕ್ಕೆ ಲಾಕ್ ಬಿಟ್ಟಿತೆಂದು ನಂಬುವಂತಿಲ್ಲ. ಅಚ್ಚಿನಲ್ಲಿ ತಿರುಚು ಉಳಿದಿದ್ದರೆ ಹಲ್ಲುಗಳು ಕಚ್ಚಿಕೊಂಡೇ ಇರುತ್ತವೆ. ಆಗ ಸ್ಟಿಯರಿಂಗ್ ನೇರ ಮಾಡಿ ಒಂದೆರಡು ಮೀಟರ್ ಹಿಂದೆ ಮುಂದೆ ಸರಿಸಿದರೆ ಬಿಡುತ್ತದೆ. ಡ್ಯಾಶ್‌ಬೋರ್ಡಿನ ದೀಪ ಸ್ವಿಚ್ಚಿನ ಸ್ಥಿತಿಯನ್ನು ತೋರಿಸುತ್ತದೆಯೋ ಒಳಗಿನ ಗೇರಿನ ಸ್ಥಿತಿಯನ್ನೋ ಎಂಬುದನ್ನು ಕೂಡಿಸುವಾಗಲೇ ಮೆಕ್ಯಾನಿಕ್ಕಿನವರಲ್ಲಿ ಕೇಳಿ ತಿಳಿದುಕೊಂಡಿರಬೇಕು. ಬದಲಿಗೆ ಬರುವ ಚಾಲಕರಿಗೂ ಅದನ್ನು ಹೇಳಿಕೊಡುವುದು ಮಾಲಕರ ಕೆಲಸ.